ಆ ಕಳ್ಳನ ವಿಷಯ ಓದಿಕೊಂಡು ಬಾ

ಹಾಸನ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮೊನ್ನೆ ಹೇಮಾವತಿ ನೀರು ಇಳಿದಿದೆ ಅಂತ ಹಿನ್ನೀರಿನಲ್ಲಿ ಮುಳುಗುವ ಶೆಟ್ಟಿಹಳ್ಳಿಯ ಹಳೇ ಚರ್ಚ್ ನೋಡಿ ಬಂದೆವಲ್ಲ, ವಾಪಸ್ ಬರುವಾಗ ಬಸ್ಸಿನಲ್ಲಿ ನೀನು ಕೇಳಿದೆ: "ಒಳ್ಳೆಯವಳಾಗಿದ್ದರೆ ಸಾಕಲ್ವಾ ದೊಡ್ಡಮ್ಮ?" ಜನ ಜಾಸ್ತಿ ಇದ್ದರು, ನಾನು ಸುಮ್ಮನಾದೆ. ಆಮೇಲೆ ಮನಸ್ಸು ತಡೆಯಲಿಲ್ಲ.

ನೀನು ಭಾನುವಾರದ ಪೂಜೆ ತಪ್ಪಿಸುವವಳಲ್ಲ. ವಿಶ್ವಾಸವನ್ನು ಗಟ್ಟಿ ಮಾಡುವ ದೃಢೀಕರಣದ ಸಂಸ್ಕಾರವೂ ಆಗಿದೆ. ಆದರೆ ನಿನ್ನ ದೇವರು ಪರೀಕ್ಷೆ ಬಂದಾಗ, ಜ್ವರ ಬಂದಾಗ ಕರೆದರೆ ಬರುವವನು. ಉಳಿದ ದಿನ ದೂರದಲ್ಲಿರುವವನು. ಯಾರಿಗೂ ಕೆಟ್ಟದ್ದು ಮಾಡದೆ ಖುಷಿಯಾಗಿರು, ಸತ್ತ ಮೇಲೆ ಸ್ವರ್ಗ. ಇಷ್ಟೇ ಅಲ್ವಾ ನೀನು ಹೇಳಿದ್ದು?

ಇದು ನಿನ್ನೊಬ್ಬಳ ಮಾತಲ್ಲ. ಅಮೆರಿಕದಲ್ಲಿ ಕ್ರಿಶ್ಚಿಯನ್ ಸ್ಮಿತ್ ಎಂಬ ಸಮಾಜಶಾಸ್ತ್ರಜ್ಞರ ತಂಡ 13ರಿಂದ 17 ವರ್ಷದ 3,290 ಮಕ್ಕಳನ್ನು ಫೋನಿನಲ್ಲಿ ಮಾತಾಡಿಸಿತ್ತು. 267 ಮಕ್ಕಳ ಜೊತೆ ಎದುರಿಗೆ ಕೂತೂ ಮಾತಾಡಿತ್ತು. 2005ರಲ್ಲಿ ಅದು ಪುಸ್ತಕವಾಯಿತು. ಆ ಮಕ್ಕಳಲ್ಲಿ ಹೆಚ್ಚಿನವರಿಗೆ ಧರ್ಮದ ಮೇಲೆ ಸಿಟ್ಟಿರಲಿಲ್ಲ. ಏನು ನಂಬುತ್ತೀರಿ ಅಂದರೆ ಮಾತ್ರ ಮಾತು ಹೊರಡುತ್ತಿರಲಿಲ್ಲ. ಹೊರಟರೂ ನೀನು ಹೇಳಿದಂಥದ್ದೇ ಬರುತ್ತಿತ್ತು.

ಅದರಲ್ಲಿ ಯೇಸು ಎಲ್ಲಿದ್ದಾರೆ ಪುಟ್ಟಿ? ಒಳ್ಳೆಯವರಾಗಿರಿ ಅಂತ ಹೇಳೋಕೆ ಯಾರೂ ಶಿಲುಬೆಯ ಮೇಲೆ ಸಾಯಬೇಕಿರಲಿಲ್ಲ. ಪಕ್ಕದ ಶಿಲುಬೆಯಲ್ಲಿದ್ದ ಕಳ್ಳನನ್ನು ನೆನಪಿಸಿಕೋ. ಒಳ್ಳೆಯವನಾಗಿ ಬಾಳಲು ಅವನಿಗೆ ಒಂದು ದಿನವೂ ಉಳಿದಿರಲಿಲ್ಲ. ನನ್ನನ್ನು ನೆನಪಿಸಿಕೊಳ್ಳಿ ಅಂದ, ಅಷ್ಟೇ. ಇವತ್ತೇ ನನ್ನ ಜೊತೆ ಇರುತ್ತೀಯ ಅಂದರು ಯೇಸು. ನಿನ್ನ ಲೆಕ್ಕದಲ್ಲಿ ಅವನಿಗೆ ಜಾಗವೇ ಇಲ್ಲ.

ನಿನ್ನ ವಯಸ್ಸಿನಲ್ಲಿ ನಾನೂ ಧರ್ಮೋಪದೇಶದ ಕ್ಲಾಸಿನಲ್ಲಿ ಹೀಗೇ ಕೇಳಿದ್ದೆ. "ಬಾಯಿಪಾಠ ಮಾಡು, ಸಾಕು" ಅಂದರು ಟೀಚರ್. ಮಾಡಿದೆ. ಇಪ್ಪತ್ತು ವರ್ಷ ವಿಶ್ವಾಸ ಸಂಗ್ರಹ, ಅಂದರೆ ನಾವು ನಂಬುವುದನ್ನೆಲ್ಲ ಹೇಳುವ ಪ್ರಾರ್ಥನೆ, ಒಂದು ಅಕ್ಷರ ತಪ್ಪದೆ ಹೇಳಿದೆ, ಒಳಗೆ ಏನೂ ಇಳಿಯಲಿಲ್ಲ. ನಿನ್ನ ದೊಡ್ಡಪ್ಪ ಹೋದಾಗ, ಒಳ್ಳೆಯವರಿಗೆ ಒಳ್ಳೆಯದೇ ಆಗುತ್ತೆ ಅನ್ನುವ ಮಾತು ಒಂದು ರಾತ್ರಿಯೂ ನಿಲ್ಲಲಿಲ್ಲ. ತೀರಿಹೋದ ಗೆಳೆಯ ಲಾಜರನ ಸಮಾಧಿಯ ಹತ್ತಿರ ಯೇಸು ಅತ್ತರು ಅನ್ನೋದು ಮಾತ್ರ ನನ್ನ ಕೈ ಹಿಡಿಯಿತು. ಅದಕ್ಕೇ ನಿನಗೆ ಸುಮ್ನೆ ನಂಬು ಅಂತ ಹೇಳಲಾರೆ.

ಮುಂದಿನ ಭಾನುವಾರ ಪೂಜೆ ಮುಗಿಸಿಕೊಂಡು ಇಲ್ಲಿಗೇ ಬಾ. ಆ ಕಳ್ಳನ ವಿಷಯ ಇರುವ ಲೂಕನ ಶುಭಸಂದೇಶದ 23ನೇ ಅಧ್ಯಾಯ ಓದಿಕೊಂಡು ಬಾ. ಒಪ್ಪಿಗೆಯಾಗದ್ದನ್ನು ಪೆನ್ಸಿಲ್‌ನಲ್ಲಿ ಗುರುತು ಹಾಕು, ನನಗೆ ಬೇಜಾರಾಗಲ್ಲ. ಊಟಕ್ಕೆ ನಿನಗಿಷ್ಟವಾದ ಅಕ್ಕಿರೊಟ್ಟಿ ಮಾಡಿರುತ್ತೇನೆ.

ನಿನ್ನ ದೊಡ್ಡಮ್ಮ