ಕಾಸರಗೋಡಿನ ಕನ್ನಡ ಮಕ್ಕಳಿಗೆ ಒಂದು ಫಿಸಿಕ್ಸ್ ಮತ್ತು ಖಗೋಳದ ಕೋರ್ಸ್ ಬೇಕು

ಮಾನ್ಯ ಸಂಪಾದಕರೇ,

ನಮಸ್ಕಾರ. ಈ ಸಲ ವಿಷುವಿಗೆ ಕಣಿ ನೋಡಿ, ಹಿರಿಯರ ಕಾಲು ಹಿಡಿದು ಆಗಿ, ಎಲ್ಲರೂ ಚಾವಡಿಯಲ್ಲಿ ಕೂತಿರುವಾಗ ಈಗ ಹತ್ತನೇ ಕ್ಲಾಸಲ್ಲಿರುವ ನನ್ನ ಮಗಳು ಒಂದು ಪ್ರಶ್ನೆ ಕೇಳಿದ್ಳು. ವಿಷು ಅಂದ್ರೆ ಹಗಲು ರಾತ್ರಿ ಸಮ ಆಗುವ ದಿನ ಅಂತ ಅಜ್ಜ ಹೇಳ್ತಾರೆ, ಪುಸ್ತಕದಲ್ಲಿ ನೋಡಿದ್ರೆ ಅದು ಮಾರ್ಚ್ 21 ಅಂತ ಉಂಟು, ಮತ್ತೆ ನಾವು ಎಂತಕ್ಕೆ ಅಪ್ಪ ಏಪ್ರಿಲ್ 14ಕ್ಕೆ ಕಣಿ ಇಡುದು, ನಡುವಿನ 24 ದಿನ ಎಲ್ಲಿಂದ ಬಂತು ಅಂತ.

ನಾನು ಮೂವತ್ತು ವರ್ಷದ ಹಿಂದೆ ಮಂಗಳೂರಲ್ಲಿ ಬಿಎಸ್ಸಿ ಫಿಸಿಕ್ಸ್ ಮಾಡಿದವ, ಈಗ ಅಡಿಕೆ ತೋಟ ನೋಡಿಕೊಂಡಿದ್ದೇನೆ. ಗೊತ್ತಿದ್ದದ್ದನ್ನು ಹೇಳಿದೆ. ಬುಗುರಿ ನಿಧಾನ ಆಗುವಾಗ ತಲೆ ತೂಗ್ತದಲ್ಲಾ, ಹಾಗೇ ಭೂಮಿಯ ಅಕ್ಷವೂ ತೂಗ್ತದೆ, ಒಂದು ಸುತ್ತಿಗೆ ಸುಮಾರು 26,000 ವರ್ಷ, ಅಂದ್ರೆ 72 ವರ್ಷಕ್ಕೆ ಒಂದು ಡಿಗ್ರಿ, ನಮ್ಮ ಸೌರಮಾನದ ತಿಂಗಳುಗಳು ನಕ್ಷತ್ರವನ್ನು ಹಿಡಿದು ಹೋಗುವುದರಿಂದ ಹಬ್ಬ ನಕ್ಷತ್ರದ ಜೊತೆಗೇ ಉಳೀತು, ಸಮರಾತ್ರಿಯ ದಿನ ಹಿಂದೆ ಸರೀತಾ ಹೋಯ್ತು. ಅವಳು ಪೆನ್ನು ತೆಗೆದು 24ನ್ನು 72ರಿಂದ ಗುಣಿಸಿ, ಹಾಗಾದ್ರೆ ಸುಮಾರು 1700 ವರ್ಷದ ಹಿಂದೆ ಎರಡೂ ಒಂದೇ ದಿನ ಇದ್ದಿರಬೇಕಲ್ವಾ ಅಂದ್ಳು. ಹೌದು, ಸರಿಯಾಗೇ ಹೇಳಿದ್ಳು. ಕೂಡಲೇ ಮುಂದಿನ ಪ್ರಶ್ನೆ, ಬುಗುರಿಯನ್ನಾದ್ರೆ ಭೂಮಿ ಎಳೀತದೆ, ಭೂಮಿಯನ್ನು ತೂಗಿಸುವುದು ಯಾರು? ಭೂಮಿಯ ನಡು ಸ್ವಲ್ಪ ಉಬ್ಬಿದೆ, ಆ ಉಬ್ಬನ್ನು ಸೂರ್ಯ ಚಂದ್ರ ಎಳೀತಾರೆ, ಅದರಿಂದ ಅಂದೆ. ಎಷ್ಟು ಎಳೀತಾರೆ, ಲೆಕ್ಕ ಹಾಕ್ಲಿಕ್ಕೆ ಆಗ್ತದಾ ಅಂತ ಕೇಳಿದ್ಳು. ಅದಕ್ಕೆ ಟಾರ್ಕ್ ಬೇಕು, ಕೋನೀಯ ಸಂವೇಗ ಬೇಕು, ಅದೆಲ್ಲ ಪ್ಲಸ್ ವನ್ನಿನ ಪಾಠ.

ಇದೇ ಪ್ರಶ್ನೆಯನ್ನು ಅವಳು ತಾನು ಹೋಗುವ ಒಂದು ಕೋಚಿಂಗ್ ಸೆಂಟರಲ್ಲಿ ಕೇಳಿದ್ದಾಳೆ. ಇದೆಲ್ಲ ಎಂಟ್ರೆನ್ಸಿಗೆ ಬರುದಿಲ್ಲ, ಟೈಮ್ ವೇಸ್ಟ್ ಮಾಡ್ಬೇಡ ಅಂದ್ರಂತೆ. ಅವಳು ಮನೆಗೆ ಬಂದು ಏನೂ ಮಾತಾಡ್ಲಿಲ್ಲ. ಹದಿನೈದು ವರ್ಷದ ಮಗುವಿನ ಇಂಥ ಪ್ರಶ್ನೆಗೆ ಉತ್ತರ ಕೊಡುವ ಒಂದು ಜಾಗ ನಮ್ಮ ಇಡೀ ಜಿಲ್ಲೆಯಲ್ಲಿ ಕನ್ನಡದಲ್ಲಿ ಇಲ್ಲ ಅನ್ನುವುದು ನನಗೆ ಅವತ್ತು ತುಂಬಾ ಬೇಸರ ಆಯ್ತು, ಅದಕ್ಕೇ ಈ ಪತ್ರ.

ನಮ್ಮಲ್ಲಿ ಏನೂ ಇಲ್ಲ ಅಂತ ನಾನು ಹೇಳುದಿಲ್ಲ. ಶಾಸ್ತ್ರಮೇಳ ಉಂಟು, ಕ್ವಿಜ್ ಉಂಟು, ಫೆಬ್ರವರಿ 28ಕ್ಕೆ ವಿಜ್ಞಾನ ದಿನ ಅಂತ ಚಾರ್ಟ್ ಬರೆಸ್ತಾರೆ, ಹೈಸ್ಕೂಲುಗಳಲ್ಲಿ ಲಿಟಲ್ ಕೈಟ್ಸ್ ಅಂತ ಕಂಪ್ಯೂಟರಿನ ಕ್ಲಬ್ ಚೆನ್ನಾಗಿ ನಡೀತದೆ, ಇಸ್ರೋದವರು 2019ರಿಂದ ಒಂಬತ್ತನೇ ಕ್ಲಾಸಿನವರಿಗೆ ಯುವಿಕಾ ಅಂತ ಕ್ಯಾಂಪ್ ಶುರು ಮಾಡಿದ್ದಾರೆ, ಆದ್ರೆ ಅದಕ್ಕೆ ಆಯ್ಕೆ ಆಗುವುದು ಕೆಲವೇ ಮಕ್ಕಳು. ಕ್ಲಾಸಿಗಿಂತ ಮುಂದೆ ಓಡುವ ಮಗುವಿಗೆ ವರ್ಷಪೂರ್ತಿ, ವಾರಕ್ಕೆ ಒಂದು ದಿನವಾದ್ರೂ, ಗಣಿತ ಸೇರಿಸಿ ಗಟ್ಟಿಯಾಗಿ ಫಿಸಿಕ್ಸ್ ಕಲಿಸುವಂಥದ್ದು ಇಲ್ಲ. ಪರೀಕ್ಷೆಯಲ್ಲಿ ಎಲ್ಲದಕ್ಕೂ ಎ ಪ್ಲಸ್ ಬಂದ್ರೆ ಪೇಪರಲ್ಲಿ ಫೋಟೋ ಬರ್ತದೆ, ಪಂಚಾಯತಿನವರು ಶಾಲು ಹಾಕ್ತಾರೆ, ಅಲ್ಲಿಗೆ ಮುಗೀತು.

ಗಡಿಯ ಮಕ್ಕಳ ಕಷ್ಟ ಇನ್ನೊಂದು ಥರದ್ದು. ಮಲಯಾಳದಲ್ಲಿ ಶಾಸ್ತ್ರ ಸಾಹಿತ್ಯ ಪರಿಷತ್ತು 1962ರಿಂದ ಹಳ್ಳಿ ಹಳ್ಳಿಗೆ ವಿಜ್ಞಾನ ತಗೊಂಡು ಹೋಗಿದೆ, ಅದು ದೊಡ್ಡ ಕೆಲಸ, ಆದ್ರೆ ಅದರ ಪುಸ್ತಕ, ಕ್ಲಾಸು ಮಲಯಾಳದ್ದು. ಆಚೆ ಕರ್ನಾಟಕದಲ್ಲಿ ರಾಜ್ಯ ವಿಜ್ಞಾನ ಪರಿಷತ್ತು ಉಂಟು, ಬೆಂಗಳೂರಲ್ಲಿ ನೆಹರೂ ತಾರಾಲಯ ಉಂಟು, ಅವರ ಕೆಲಸ ಅವರ ರಾಜ್ಯದ ಮಕ್ಕಳಿಗೆ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ನಾವು ಇಬ್ಬರ ನಡುವೆ ಇದ್ದೇವೆ. ಮನೇಲಿ ತುಳುವೋ ಹವ್ಯಕವೋ ಕೊಂಕಣಿಯೋ ಮರಾಠಿಯೋ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ಪ್ಲಸ್ ವನ್ ಸೈನ್ಸಿಗೆ ಸೇರಿದ್ರೆ ಪುಸ್ತಕ ಪೂರ್ತಿ ಇಂಗ್ಲಿಷ್. ವೇಗೋತ್ಕರ್ಷ, ವಕ್ರೀಭವನ, ಸಂವೇಗ ಅಂತ ಹತ್ತು ವರ್ಷ ಕಲಿತ ಮಗು ಒಂದೇ ಜೂನಲ್ಲಿ ಆಕ್ಸಿಲರೇಷನ್, ರಿಫ್ರ್ಯಾಕ್ಷನ್, ಮೊಮೆಂಟಮ್ ಅಂತ ಕೇಳಿ ತನಗೆ ಏನೂ ಗೊತ್ತಿಲ್ಲ ಅಂತ ಅಂದುಕೊಳ್ತದೆ, ವಿಷಯ ಗೊತ್ತುಂಟು, ಶಬ್ದ ಮಾತ್ರ ಗೊತ್ತಿಲ್ಲ, ಅಷ್ಟರಲ್ಲಿ ಓಣಂ ರಜೆ ಬಂದಾಯ್ತು. ಕನ್ನಡ ಬಾರದ ಟೀಚರನ್ನು ಕನ್ನಡ ಮೀಡಿಯಂ ಕ್ಲಾಸಿಗೆ ಹಾಕುವ ವಿಷಯ ನಿಮ್ಮ ಪತ್ರಿಕೆಯಲ್ಲೇ ಎಷ್ಟೋ ಸಲ ಬಂದಿದೆ, ಅದನ್ನು ಪುನಃ ಹೇಳುದಿಲ್ಲ. ಹಾಗಾಗಿ ಈ ಕೋರ್ಸ್ ಕನ್ನಡದಲ್ಲಿ ಆಗ್ಬೇಕು, ಪ್ರತಿ ಶಬ್ದಕ್ಕೂ ಇಂಗ್ಲಿಷ್ ಶಬ್ದವನ್ನು ಮೊದಲ ದಿನದಿಂದಲೇ ಜೊತೆಗೆ ಕಲಿಸ್ತಾ ಹೋಗ್ಬೇಕು.

ಈಗ ಕೋರ್ಸಲ್ಲಿ ಎಂತ ಇರಬೇಕು ಅಂತ. ನಾನು ಎರಡು ವರ್ಷದಿಂದ ಆದಿತ್ಯವಾರ ಸಂಜೆ ನೆರೆಕರೆಯ ಐದಾರು ಮಕ್ಕಳನ್ನು ಅಂಗಳದಲ್ಲಿ ಕೂರಿಸಿ ಮಾಡಿ ನೋಡಿದ್ದನ್ನೇ ಹೇಳ್ತೇನೆ. ನಮ್ಮ ಊರಲ್ಲಿ ಜೂನಿಂದ ಸೆಪ್ಟೆಂಬರ್ ತನಕ ಆಕಾಶ ಕಾಣುದಿಲ್ಲ, ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಜಾಗ ಇದು. ಆ ನಾಲ್ಕು ತಿಂಗಳು ಜಗಲಿಯಲ್ಲಿ ಕೂತು ಮಾಡುವ ಫಿಸಿಕ್ಸ್. ಒಂದು ಮೀಟರ್ ದಾರಕ್ಕೆ ಕಲ್ಲು ಕಟ್ಟಿ ತೂಗಿಸಿದ್ರೆ ಹೋಗಿ ಬರ್ಲಿಕ್ಕೆ ಸುಮಾರು ಎರಡು ಸೆಕೆಂಡ್, ಒಂದು ಸಲ ಅಳೆದ್ರೆ ತಪ್ಪು ಎಷ್ಟು, ಐವತ್ತು ಸಲ ತೂಗಿಸಿ ಅಳೆದು ಭಾಗಿಸಿದ್ರೆ ತಪ್ಪು ಎಷ್ಟು ಕಡಿಮೆ ಆಗ್ತದೆ, ಅದರಿಂದ ಗುರುತ್ವದ ವೇಗೋತ್ಕರ್ಷ ತೆಗೆಯುವುದು. ಬಾವಿಗೆ ಕಲ್ಲು ಹಾಕಿ ಸದ್ದು ಕೇಳುವ ಹೊತ್ತಿಂದ ಆಳ ಲೆಕ್ಕ ಹಾಕುವುದು, ಸದ್ದು ಮೇಲೆ ಬರುವ ಹೊತ್ತನ್ನೂ ಕಳೆಯುವುದು. ತ್ರಿಕೋನಮಿತಿ, ಲಾಗರಿದಂ, ಗ್ರಾಫ್ ಎಲ್ಲ ಆಗಲೇ ಆಗ್ಬೇಕು. ಅಳತೆಯ ತಪ್ಪು ಅಂದ್ರೆ ಬೈಗುಳ ತಿನ್ನುವ ವಿಷಯ ಅಂತ ಮಕ್ಕಳು ಅಂದುಕೊಂಡಿರ್ತಾರೆ, ಅದನ್ನೂ ಸಂಖ್ಯೆಯಲ್ಲಿ ಬರೀಬೇಕು ಅಂತ ಗೊತ್ತಾದಾಗ ಅವರ ಮುಖ ನೋಡ್ಬೇಕು ನೀವು.

ಡಿಸೆಂಬರ್ ಬಂತು ಅಂದ್ರೆ ಆಕಾಶ. ಕಾಸರಗೋಡು 12.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಉಂಟು, ಹಾಗಾಗಿ ಧ್ರುವ ನಕ್ಷತ್ರ ದಿಗಂತದಿಂದ ಅಷ್ಟೇ ಡಿಗ್ರಿ ಮೇಲೆ, ಕೈ ಚಾಚಿ ಮುಷ್ಟಿ ಹಿಡಿದ್ರೆ ಒಂದು ಮುಷ್ಟಿಗಿಂತ ಸ್ವಲ್ಪ ಜಾಸ್ತಿ, ತೋಟದೊಳಗೆ ನಿಂತರೆ ಕಾಣುದಿಲ್ಲ, ಪದವಿಗೆ, ಅಂದ್ರೆ ಮರಗಳಿಲ್ಲದ ಬೋಳು ಗುಡ್ಡೆಗೆ ಹೋಗ್ಬೇಕು. ಅದೇ ಕಾರಣಕ್ಕೆ ದಕ್ಷಿಣದ ಆಕಾಶ ನಮಗೆ ಧಾರಾಳ ಕಾಣ್ತದೆ. ಚಳಿಗಾಲದಲ್ಲಿ ಅಗಸ್ತ್ಯ ನಕ್ಷತ್ರ, ಏಪ್ರಿಲ್ ಕೊನೆಗೆ ರಾತ್ರಿ ಹತ್ತು ಹತ್ತೂವರೆಗೆ ನೆಟ್ಟಗೆ ದಕ್ಷಿಣಕ್ಕೆ ಹದಿನೇಳು ಡಿಗ್ರಿ ಎತ್ತರದಲ್ಲಿ ತ್ರಿಶಂಕು ಅನ್ನುವ ನಕ್ಷತ್ರಪುಂಜ. ಯುರೋಪಿನ ಮಕ್ಕಳು ತ್ರಿಶಂಕುವನ್ನು ಚಿತ್ರದಲ್ಲಿ ನೋಡ್ಬೇಕು ಅಷ್ಟೇ. ಇನ್ನೊಂದು, ನಮ್ಮ ರೇಖಾಂಶ ಹೆಚ್ಚುಕಡಿಮೆ ಸರಿಯಾಗಿ 75 ಡಿಗ್ರಿ, ಭಾರತದ ಗಡಿಯಾರದ ಸಮಯಕ್ಕೆ ಹಿಡಿದದ್ದು 82.5 ಡಿಗ್ರಿ, ಅಂದ್ರೆ ನಮ್ಮ ಸೂರ್ಯ ಗಡಿಯಾರಕ್ಕಿಂತ ಅರ್ಧ ಗಂಟೆ ಹಿಂದೆ. ಏಪ್ರಿಲ್ 23ರ ಆಸುಪಾಸಿಗೆ ಮಧ್ಯಾಹ್ನ 12 ಗಂಟೆ 28 ನಿಮಿಷಕ್ಕೆ ಅಂಗಳದಲ್ಲಿ ನೆಟ್ಟ ಕೋಲಿಗೆ ನೆರಳೇ ಇರುದಿಲ್ಲ. ಈ ವರ್ಷ ನಾವು ಮಾಡಿದೆವು, ಬುಡದಲ್ಲಿ ನೆರಳು ಮಾಯ ಆದಾಗ ಎಂಟನೇ ಕ್ಲಾಸಿನ ಒಬ್ಬ ಹುಡುಗ ಕೋಲನ್ನು ಮುಟ್ಟಿ ನೋಡಿದ. ಇದನ್ನೇ ಮುಂದೆ ತಗೊಂಡು ಹೋಗ್ಬಹುದು. ಕಾರವಾರ ನಮ್ಮಿಂದ ಉತ್ತರಕ್ಕೆ 2.3 ಡಿಗ್ರಿ, ನೆಟ್ಟಗೆ ಉತ್ತರಕ್ಕೆ ಅಳೆದ್ರೆ ಸುಮಾರು 255 ಕಿಲೋಮೀಟರ್, ಅಲ್ಲಿಯದ್ದೊಂದು ಕನ್ನಡ ಶಾಲೆಯವರು ಅದೇ ದಿನ ನೆರಳು ಅಳೆದು ಫೋನಲ್ಲಿ ಹೇಳಿದ್ರೆ ನಮ್ಮ ಮಕ್ಕಳೇ ಭೂಮಿಯ ಸುತ್ತಳತೆ ತೆಗೀಬಹುದು, 40,000 ಕಿಲೋಮೀಟರಿನ ಹತ್ರ ಬರಬೇಕು.

ನನಗೆ ಅದಕ್ಕಿಂತ ಇಷ್ಟ ಆಗಿರುವುದು ಪೊಸಡಿ ಗುಂಪೆಯ ಲೆಕ್ಕ. ಅದು ನಮ್ಮ ಕಡೆಯ ಒಂದು ಗುಡ್ಡೆ, ಸಮುದ್ರ ಮಟ್ಟದಿಂದ ಸಾವಿರ ಅಡಿಗಿಂತ ಸ್ವಲ್ಪ ಎತ್ತರ, ತುದಿಯಿಂದ ಕಡಲು ಕಾಣ್ತದೆ. ಅರ್ಧ ಮಕ್ಕಳು ಕೆಳಗೆ ಕಡಲ ತೀರದಲ್ಲಿ ನಿಲ್ಲುವುದು, ಅರ್ಧ ಮಕ್ಕಳು ಗುಂಪೆಯ ತುದಿಯಲ್ಲಿ, ಸೂರ್ಯನ ಮೇಲಂಚು ಕಡಲಲ್ಲಿ ಮುಳುಗಿದ ಸೆಕೆಂಡನ್ನು ಎರಡೂ ಕಡೆ ಬರೆದುಕೊಳ್ಳುವುದು. ಎತ್ತರದಲ್ಲಿ ನಿಂತವರಿಗೆ ದಿಗಂತ ಅರ್ಧ ಡಿಗ್ರಿಗಿಂತ ಸ್ವಲ್ಪ ಜಾಸ್ತಿ ಕೆಳಗೆ ಹೋಗಿರ್ತದೆ, ಆದ್ದರಿಂದ ಸೂರ್ಯ ಸುಮಾರು ಎರಡು ನಿಮಿಷ ತಡವಾಗಿ ಮುಳುಗ್ತಾನೆ, ಆ ಎರಡು ನಿಮಿಷ ಮತ್ತು ಗುಡ್ಡೆಯ ಎತ್ತರ ಇಷ್ಟೇ ಸಾಕು ಭೂಮಿಯ ತ್ರಿಜ್ಯ ತೆಗೀಲಿಕ್ಕೆ. ಆದ್ರೆ ಗುಂಪೆ ತೀರದಿಂದ ಪೂರ್ವಕ್ಕೆ ಉಂಟಲ್ಲ, ಪೂರ್ವದಲ್ಲಿ ಸೂರ್ಯ ಬೇಗ ಮುಳುಗಬೇಕು, ಆ ಕೆಲವು ಸೆಕೆಂಡ್ ಕೂಡ ಸೇರಿಸ್ಬೇಕು, ಗಾಳಿ ಬೆಳಕನ್ನು ಬಗ್ಗಿಸುವುದನ್ನೂ ನೋಡ್ಬೇಕು. ಮೊದಲ ಸಲ ಉತ್ತರ ಸರಿ ಬರುದೇ ಇಲ್ಲ. ಯಾಕೆ ಬರ್ಲಿಲ್ಲ ಅಂತ ಮಕ್ಕಳು ಜಗಳ ಮಾಡ್ತಾ ಗುಡ್ಡೆ ಇಳಿಯುತ್ತಾರಲ್ಲ, ನನ್ನ ಮಟ್ಟಿಗೆ ಆ ಜಗಳವೇ ಕೋರ್ಸ್.

ಗುರು ಗ್ರಹ ಕಾಣುವ ತಿಂಗಳಲ್ಲಿ ಒಂದು 10×50 ಬೈನಾಕ್ಯುಲರನ್ನು ಟ್ರೈಪಾಡಿಗೆ ಕಟ್ಟಿದ್ರೆ ಗೆಲಿಲಿಯೋ 1610ರಲ್ಲಿ ಕಂಡ ನಾಲ್ಕು ಚಂದ್ರರು ಕಾಣ್ತಾರೆ. ದಿನಾ ಒಂದೇ ಹೊತ್ತಿಗೆ ಚುಕ್ಕೆ ಹಾಕಿ ಎರಡು ತಿಂಗಳು ಬರೆದ್ರೆ ಗ್ಯಾನಿಮೀಡ್ 7.15 ದಿನಕ್ಕೆ, ಕ್ಯಾಲಿಸ್ಟೋ 16.69 ದಿನಕ್ಕೆ ಸುತ್ತು ಹಾಕುವುದು ಗೊತ್ತಾಗ್ತದೆ. ಕಾಲದ ವರ್ಗದ ಅನುಪಾತ ಒಂದು ಕಡೆ, ದೂರದ ಘನದ ಅನುಪಾತ ಇನ್ನೊಂದು ಕಡೆ, ಎರಡೂ 5.4ರ ಹತ್ರ ಬರ್ತದೆ. ಕೆಪ್ಲರನ ಮೂರನೇ ನಿಯಮವನ್ನು ಎರಡು ಮಾರ್ಕಿಗೆ ಬಾಯಿಪಾಠ ಮಾಡಿದ ಮಗು ಮತ್ತು ತನ್ನದೇ ಪುಸ್ತಕದ ಚುಕ್ಕೆಗಳಿಂದ ಅದನ್ನು ತೆಗೆದ ಮಗು, ಇಬ್ಬರಿಗೂ ಎಷ್ಟು ವ್ಯತ್ಯಾಸ ನೀವೇ ಹೇಳಿ.

2019ರ ಡಿಸೆಂಬರ್ 26ರ ಕಂಕಣ ಗ್ರಹಣ ನೆನಪುಂಟಾ ಸಂಪಾದಕರೇ? ನಮ್ಮ ಜಿಲ್ಲೆಯ ಚೆರುವತ್ತೂರು ಅದನ್ನು ನೋಡ್ಲಿಕ್ಕೆ ಒಳ್ಳೇ ಜಾಗಗಳಲ್ಲಿ ಒಂದು ಅಂತ ದೂರದೂರದಿಂದ ಜನ ಬಂದಿದ್ರು. ಬೆಳಿಗ್ಗೆ ಒಂಬತ್ತೂ ಕಾಲು ಕಳೆದು ಸುಮಾರು ಮೂರು ನಿಮಿಷ ಬಳೆ. ಚಂದ್ರ ಅವತ್ತು ಸೂರ್ಯನಿಗಿಂತ ಕಣ್ಣಿಗೆ ಮೂರು ಪರ್ಸೆಂಟ್ ಚಿಕ್ಕದಿದ್ದ, ಅದಕ್ಕೇ ಪೂರ್ತಿ ಮುಚ್ಚಲಿಲ್ಲ. ಮರದ ಎಲೆಗಳ ಸಂದಿಯಿಂದ ಮುರಕಲ್ಲಿನ ಅಂಗಳದ ತುಂಬಾ ಸಣ್ಣ ಸಣ್ಣ ಬಳೆಗಳು ಬಿದ್ದಿದ್ದವು. ಆದ್ರೆ ನಮ್ಮ ಸುತ್ತಮುತ್ತ ಎಷ್ಟೋ ಮನೆಗಳಲ್ಲಿ ಕಿಟಕಿ ಬಾಗಿಲು ಹಾಕಿ ಮಕ್ಕಳನ್ನು ಒಳಗೇ ಕೂರಿಸಿದ್ರು. ಹೆದರಿಕೆಯನ್ನು ನಾನು ಬೈಯುದಿಲ್ಲ, ಹೇಳಿಕೊಡುವವರು ಇರ್ಲಿಲ್ಲ. ಇದೇ ಕೇರಳದಲ್ಲಿ ನಿಳಾ (ಭಾರತಪ್ಪುಳ) ನದಿಯ ದಡದಲ್ಲಿ ಪರಮೇಶ್ವರ ಅನ್ನುವವರು ವರ್ಷಗಟ್ಟಲೆ ಗ್ರಹಣಗಳನ್ನು ನೋಡಿ ಬರೆದು, ಹಳೇ ಲೆಕ್ಕ ಆಕಾಶಕ್ಕೆ ಹೊಂದುದಿಲ್ಲ ಅಂತ ಕಂಡು 1431ರಲ್ಲಿ ದೃಗ್ಗಣಿತ ಅನ್ನುವ ಗ್ರಂಥ ಬರೆದ್ರು. ಆಕಾಶಕ್ಕೆ ಹೊಂದದಿದ್ರೆ ಲೆಕ್ಕವನ್ನೇ ತಿದ್ದುವುದು. ನಮ್ಮ ಮಕ್ಕಳಿಗೆ ಇದು ಗೊತ್ತಾಗ್ಬೇಡ್ವಾ?

ತುಂಬಾ ಚುರುಕಿನವರಿಗೆ ಮುಂದಿನ ಮೆಟ್ಟಿಲೂ ಉಂಟು. ಪ್ರತಿ ವರ್ಷ ನವೆಂಬರಲ್ಲಿ ಭೌತಶಾಸ್ತ್ರ, ಖಗೋಳಶಾಸ್ತ್ರದ ಒಲಿಂಪಿಯಾಡಿನ ಮೊದಲ ಪರೀಕ್ಷೆ ನಡೀತದೆ, ಮುಂದಿನ ಹಂತ ಮುಂಬಯಿಯ ಹೋಮಿ ಭಾಭಾ ಕೇಂದ್ರದವರದ್ದು, 2025ರ ಆಗಸ್ಟಲ್ಲಿ ಅಂತಾರಾಷ್ಟ್ರೀಯ ಖಗೋಳ ಒಲಿಂಪಿಯಾಡ್ ಮುಂಬಯಿಯಲ್ಲೇ ಆಯ್ತು. ಹಳೇ ಪ್ರಶ್ನೆಪತ್ರಿಕೆಗಳನ್ನು ಅವರು ಫ್ರೀಯಾಗಿ ಇಂಟರ್ನೆಟ್ಟಲ್ಲಿ ಹಾಕಿದ್ದಾರೆ. ನಮ್ಮ ಕಡೆಯ ಎಷ್ಟೋ ಶಾಲೆಗಳಲ್ಲಿ ಇಂಥ ಪರೀಕ್ಷೆ ಉಂಟು ಅಂತಲೇ ಮಕ್ಕಳು ಕೇಳಿಲ್ಲ, ನಾನು ಕೇಳಿ ನೋಡಿದ್ದೇನೆ.

ಮಾಡ್ಲಿಕ್ಕೆ ದೊಡ್ಡ ದುಡ್ಡು ಬೇಡ. ಪೆರಿಯದಲ್ಲಿ 2009ರಿಂದ ಕೇಂದ್ರೀಯ ವಿಶ್ವವಿದ್ಯಾಲಯ ಉಂಟು, ಅಲ್ಲಿ ಫಿಸಿಕ್ಸ್ ವಿಭಾಗ ಉಂಟು, ಅಲ್ಲಿಯ ಎಂಎಸ್ಸಿ, ಪಿಎಚ್‌ಡಿ ಮಕ್ಕಳಲ್ಲಿ ಕನ್ನಡ ಬಲ್ಲವರು ತಿಂಗಳಿಗೆ ಒಂದು ಶನಿವಾರ ಕೊಟ್ರೂ ಸಾಕು. ಗಡಿ ದಾಟಿದ್ರೆ ಮಂಗಳೂರಿನ ಪಿಲಿಕುಳದಲ್ಲಿ 2018ರಲ್ಲಿ ಶುರುವಾದ ತ್ರೀಡಿ ತಾರಾಲಯ, ವರ್ಷಕ್ಕೆ ಎರಡು ಸಲ ಕರ್ಕೊಂಡು ಹೋಗ್ಬಹುದು. ಶಾಲೆಗಳ ಲ್ಯಾಪ್‌ಟಾಪಲ್ಲಿ ಹೇಗೂ ಫ್ರೀ ಸಾಫ್ಟ್‌ವೇರ್, ಸ್ಟೆಲ್ಲೇರಿಯಂ ಹಾಕಿದ್ರೆ ಮಳೆಗಾಲದಲ್ಲೂ ಆಕಾಶ ತೋರಿಸ್ಬಹುದು. ಬೇಕಾದದ್ದು ಒಂದು ಹಾಲ್, ರಾತ್ರಿ ಪದವಿಗೆ ಹೋಗಿ ಬರ್ಲಿಕ್ಕೆ ಒಂದು ಜೀಪು, ಹೆಣ್ಣುಮಕ್ಕಳೂ ಬರ್ಬೇಕಾದ್ರೆ ಜೊತೆಗೆ ಇಬ್ಬರು ಟೀಚರು ಅಥವಾ ಅಮ್ಮಂದಿರು, ಇದು ಮುಖ್ಯ, ಯಾಕಂದ್ರೆ ರಾತ್ರಿ ಕ್ಲಾಸು ಅಂದ ಕೂಡಲೇ ನಿಲ್ಲುವುದು ಹೆಣ್ಣುಮಕ್ಕಳದ್ದೇ. ಹತ್ತನೇಯವರಿಗೆ ಮಾರ್ಚಲ್ಲಿ ಎಸ್ಸೆಸ್ಸೆಲ್ಸಿ, ಅವರನ್ನು ಫೆಬ್ರವರಿ, ಮಾರ್ಚ್ ಬಿಟ್ಟು ಏಪ್ರಿಲ್ ರಜೆಯಲ್ಲಿ ಪುನಃ ಸೇರಿಸಿಕೊಳ್ಬಹುದು. ಆಯ್ಕೆ ಮಾತ್ರ ಮಾರ್ಕ್ಸ್ ನೋಡಿ ಮಾಡ್ಬಾರದು ಅಂತ ನನ್ನ ಅಭಿಪ್ರಾಯ, ಒಂದು ಕಾಗದದಲ್ಲಿ ನಿನಗೆ ಉತ್ತರ ಸಿಗದ ಒಂದು ಪ್ರಶ್ನೆ ಬರಿ ಅಂತ ಹೇಳಿ, ಅದನ್ನು ಓದಿ ತಗೊಳ್ಳಲಿ.

ನಿಮ್ಮಲ್ಲಿ ಒಂದೇ ವಿನಂತಿ. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆ ಶನಿವಾರ ಸಂಜೆಗೆ ಹಾಲ್ ಕೊಡುವ ಶಾಲೆ, ಕ್ಲಬ್, ವಾಚನಾಲಯದವರು, ಪಾಠ ಮಾಡ್ಲಿಕ್ಕೆ ಮನಸ್ಸಿರುವ ರಿಟೈರ್ಡ್ ಮಾಷ್ಟ್ರುಗಳು, ಕಾಲೇಜಿನವರು ಯಾರಾದ್ರೂ ಇದ್ರೆ ಈ ಅಂಕಣಕ್ಕೇ ಬರೀಲಿ, ನೀವು ದಯಮಾಡಿ ಹಾಕಿ. ನನ್ನ ಬೈನಾಕ್ಯುಲರ್ ಮತ್ತು ಟ್ರೈಪಾಡನ್ನು ನಾನು ಕೊಡ್ತೇನೆ, ನಾನೂ ಬರ್ತೇನೆ. ಮಳೆ ಬಿಟ್ಟು ಆಕಾಶ ಸ್ವಚ್ಛ ಆಗುವಷ್ಟರಲ್ಲಿ ಜಾಗ ಗೊತ್ತಾದ್ರೆ ಈ ಡಿಸೆಂಬರಿಗೇ ಶುರು ಮಾಡ್ಬಹುದು.

ಇತಿ,
ಒಬ್ಬ ಕೃಷಿಕ, ನೀರ್ಚಾಲು