ಮರಸಿನಲ್ಲಿ ಕೂತು ಬಂದೆ

ಮ್ಯಾಡಿಸನ್, ಅಮೆರಿಕ, 24 ನವೆಂಬರ್ 2024

ತೀರ್ಥರೂಪ ಅಪ್ಪಯ್ಯನಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ಇದನ್ನು ಫೋನಿನಲ್ಲಿ ಹೇಳಹೊರಟರೆ ಅವ್ವ ನಡುವೆ ಬಾಯಿ ಹಾಕಿ ಬೈತಾಳೆ, ಅದಕ್ಕೇ ಕಾಗದ. ನಿನ್ನೆ ಜಿಂಕೆ ಶಿಕಾರಿಗೆ ಹೋಗಿದ್ದೆ. ಕೋವಿ ಮುಟ್ಟಿಲ್ಲ, ಗಾಬರಿಯಾಗಬೇಡಿ. ನನ್ನ ಜೊತೆ ಕೆಲಸ ಮಾಡುವವರೊಬ್ಬರು ಹನ್ನೆರಡು ವರ್ಷದ ಮಗಳನ್ನು ಮೊದಲ ಸಲ ಕರೆದುಕೊಂಡು ಹೊರಟಿದ್ದರು. ನಾನೂ ಬರ್ತೀನಿ ಅಂದೆ.

ನವೆಂಬರ್ ಕೊನೆಯ ಈ ಒಂಬತ್ತು ದಿನ ವಿಸ್ಕಾನ್ಸಿನ್‌ನ ಹಳ್ಳಿ ಕಡೆಯವರಿಗೆ ನಮ್ಮ ದೊಡ್ಡಹಬ್ಬ ಇದ್ದಹಾಗೆ. ಪೆಟ್ರೋಲ್ ಬಂಕಿನಲ್ಲಿ ನೋಡಿದರೂ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಟೊಪ್ಪಿ, ಕೋಟು. ಜಿಂಕೆಗೆ ಆ ಬಣ್ಣ ಸರಿಯಾಗಿ ಕಾಣೋದಿಲ್ಲವಂತೆ. ಮನುಷ್ಯ ಮನುಷ್ಯನಿಗೆ ಹೊಡೆಯದಿರಲಿ ಅಂತ ಇಂಥ ಎದ್ದು ಕಾಣುವ ಬಣ್ಣ ಕಡ್ಡಾಯ ಮಾಡಿದ್ದಾರೆ. ಹುಡುಗಿ ಕ್ಲಾಸಿಗೆ ಹೋಗಿ, ಪರೀಕ್ಷೆ ಪಾಸು ಮಾಡಿ ಲೈಸೆನ್ಸು ತಗೊಂಡಿದ್ದಾಳೆ. ಆದರೂ ಈ ವಯಸ್ಸಿಗೆ ದೊಡ್ಡವರು ಕಣ್ಣಳತೆಯಲ್ಲೇ ಇರಬೇಕು.

ಬೆಳಕು ಹರಿಯುವ ಮೊದಲೇ ಓಕ್ ಕಾಡಿನಂಚಿನ ಒಂದು ಮರದ ಗೂಡು ಹತ್ತಿ ಕೂತೆವು. ನಾಲ್ಕು ಕಂಬದ ಮೇಲಿನ ಪೆಟ್ಟಿಗೆ, ಮೂರು ಕಡೆ ಕಿಂಡಿ. ಅಜ್ಜಯ್ಯ ಹೇಳ್ತಿದ್ದ, ಬೇಟೆಗೆ ಕಾದು ಅಡಗಿ ಕೂರುವ ಮರಸು ಅಂದರೆ ಇದೇ ಅಂತ ಅನ್ನಿಸಿತು, ಇಲ್ಲಿ ಕೂರಲು ಕುರ್ಚಿ ಇದೆ ಅಷ್ಟೆ. ಹುಡುಗಿಯ ಉಸಿರು ಹೊಗೆಯಾಗಿ ಕಿಂಡಿಯಿಂದ ಆಚೆ ಹೋಗ್ತಿತ್ತು. ಸೂರ್ಯ ಹುಟ್ಟೋಕೆ ಅರ್ಧ ಗಂಟೆ ಮುಂಚೆಯಿಂದ ಹೊಡೆಯಬಹುದು. ಅವಳಮ್ಮ ಗಡಿಯಾರ ನೋಡಿ ತಲೆಯಾಡಿಸಿದರು. ಅಷ್ಟರಲ್ಲೇ ದೂರದಲ್ಲಿ ಯಾರದೋ ಈಡು ಕೇಳಿಸಿತು.

ಮೊದಲು ಬಂದದ್ದು ಒಂದು ಹೆಣ್ಣು, ಹಿಂದೆ ಅದರ ಮರಿ. ಹುಡುಗಿ ಕೋವಿ ಎತ್ತಿದಳು, ತುಂಬಾ ಹೊತ್ತು ಗುರಿ ಹಿಡಿದಳು, ಇಳಿಸಿದಳು. ಅಮ್ಮ ಯಾಕೆ ಅಂತ ಕೇಳಲಿಲ್ಲ. ಫ್ಲಾಸ್ಕಿನಿಂದ ಕೋಕೋ ಬಗ್ಗಿಸಿ ಅವಳ ಕೈಗೆ ಕೊಟ್ಟರು. ನನಗೆ ಆಗ ನಿಮ್ಮ ನೆನಪಾಯಿತು.

ಎಂಟೂವರೆ ಸುಮಾರಿಗೆ ಎಳೇ ಕೊಂಬಿನ ಗಂಡೊಂದು ಒಂಟಿಯಾಗಿ ಬಂತು. ಈ ಸಲ ಹೊಡೆದಳು. ಅದು ಬೀಳಲಿಲ್ಲ, ನೆಗೆದು ಕಾಡು ಹೊಕ್ಕಿತು. ತಕ್ಷಣ ಹಿಂದೆ ಹೋದರೆ ಗಾಯದ ಜಿಂಕೆ ಇನ್ನೂ ದೂರ ಓಡುತ್ತದೆ ಅಂತ ಅರ್ಧ ಗಂಟೆ ಸುಮ್ಮನೆ ಕೂತೆವು. ಅಪ್ಪಯ್ಯ, ಆ ಅರ್ಧ ಗಂಟೆ ನನ್ನಿಂದ ಆಗಲಿಲ್ಲ. ಹುಡುಗಿ ಉಗುರು ಕಚ್ಚುತ್ತಾ ಬೂಟು ನೋಡ್ತಿದ್ದಳು. ಆಮೇಲೆ ಒಣಎಲೆ ಮೇಲಿನ ರಕ್ತದ ಹನಿ ಹಿಡಿದು ಅವಳೇ ಮುಂದೆ ಹೋದಳು. ಎಪ್ಪತ್ತು ಹೆಜ್ಜೆ ಇರಬಹುದು, ಬಿದ್ದಿತ್ತು. ಮಂಡಿಯೂರಿ ಕಿವಿ ಮುಟ್ಟಿದಳು. ಅಳ್ತಾಳೇನೋ ಅಂದುಕೊಂಡೆ. "ಹಸಿವಾಗ್ತಿದೆ" ಅಂದಳು. ಹೊಟ್ಟೆ ಬಗೆದು ಕರುಳು ತೆಗೆಯುವಾಗ ಹೊಟ್ಟೆ ತೊಳಸಿದ್ದು ನನಗೆ, ಶಿಕಾರಿಯ ಮನೆತನದವಳಿಗೆ!

ಸುಲಿದು ಮಾಂಸ ಮಾಡುವ ಹಸಿಗೆ ಇನ್ನೂ ಆಗಿಲ್ಲ, ಕೊಟ್ಟಿಗೆಯ ತೊಲೆಗೆ ನೇತುಹಾಕಿದ್ದಾರೆ. ಈ ಚಳಿಗೆ ಕೆಡೋದಿಲ್ಲ. ಇಲ್ಲಿಯ ಜಿಂಕೆಗಳಲ್ಲಿ ಮೆದುಳು ತಿನ್ನುವ ಒಂದು ಕಾಯಿಲೆ 2002ರಲ್ಲಿ ಪತ್ತೆಯಾಯಿತು. ಅದಕ್ಕೇ ತಲೆಯನ್ನು ಪರೀಕ್ಷೆಗೆ ಕೊಟ್ಟು ಬಂದಿದ್ದಾರೆ. ಫಲಿತಾಂಶ ಬರುವವರೆಗೆ ತಿನ್ನೋದಿಲ್ಲ. ಬಂದಮೇಲೆ ನನಗೂ ಒಂದು ಪಾಲಂತೆ. ಅವ್ವನ ಹತ್ತಿರ ಕಾಳುಮೆಣಸಿನ ಹುರುಕಲು ಹೇಗೆ ಅಂತ ಕೇಳಿ ಹೇಳಿ, ಯಾವ ಮಾಂಸಕ್ಕೆ ಅಂತ ಮಾತ್ರ ಹೇಳಬೇಡಿ.

ಅಜ್ಜಯ್ಯ ನಿಮ್ಮನ್ನು ಚಿಕ್ಕಂದಿನಲ್ಲಿ ಒಂದೇ ಒಂದು ಸಲ ಮರಸಿಗೆ ಕರಕೊಂಡು ಹೋಗಿದ್ದರಂತಲ್ಲ. ಕಡವೆ ಬಂತು ಅನ್ನುವವರೆಗೆ ಹೇಳಿ ನೀವು ಎದ್ದು ಹೋಗ್ತೀರಿ. ಕಾನೂನಿನ ಹೆದರಿಕೆಗೆ ಅಂತ ಇಷ್ಟು ದಿನ ಅಂದುಕೊಂಡಿದ್ದೆ. ನಮ್ಮನೆಯ ಆ ಕೋವಿ ಚುನಾವಣೆ ಬಂದಾಗ ಠಾಣೆಗೆ ಹೋಗಿಬರೋದು ಬಿಟ್ಟರೆ ಗೋಡೆಯಿಂದ ಇಳಿದದ್ದನ್ನು ನಾನಂತೂ ಕಂಡಿಲ್ಲ. ನೀವೂ ಇಳಿಸಿಬಿಟ್ಟಿರಾ, ಆ ಹುಡುಗಿಯ ಹಾಗೆ? ಅಜ್ಜಯ್ಯ ಏನಂದರು?

ಕಾಗದದಲ್ಲಿ ಬೇಡ. ಏಪ್ರಿಲ್‌ನಲ್ಲಿ ಬರ್ತೀನಿ, ತೋಟಕ್ಕೆ ಹೋದಾಗ ಹೇಳಿ.

ನಿಮ್ಮ ಮಗಳು