ಬೆಂಗಳೂರಿಗೆ ಕಾಣುವ ಗ್ರಹಣಗಳು: ದಿನಾಂಕ ಗುರುತು ಹಾಕಿಕೊಳ್ಳಿ

ಎಲ್ಲರಿಗೂ ನಮಸ್ಕಾರ. ಗ್ರಹಣ ಬಂತು ಅಂದ್ರೆ ಗುಂಪಿನಲ್ಲಿ ಸುಳ್ಳು ಫಾರ್ವರ್ಡ್‌ಗಳೇ ಜಾಸ್ತಿ. ಅದಕ್ಕೇ ಈಗಲೇ ಬರೆಯುತ್ತಿದ್ದೇನೆ.

2027ರ ಆಗಸ್ಟ್ 2, ಸೋಮವಾರ ಸೂರ್ಯಗ್ರಹಣ. ಈಜಿಪ್ಟಿನ ಲಕ್ಸರ್‌ನಲ್ಲಿ 6 ನಿಮಿಷಕ್ಕೂ ಹೆಚ್ಚು ಹೊತ್ತು ಸೂರ್ಯ ಪೂರ್ತಿ ಮರೆಯಾಗುತ್ತಾನೆ. ನಮಗೆ ಸಂಜೆ ಹೊತ್ತು, ಪಶ್ಚಿಮದ ಕಡೆ, ಪಾರ್ಶ್ವ ಗ್ರಹಣ ಮಾತ್ರ, ಅಂದ್ರೆ ಸೂರ್ಯನ ಒಂದು ಭಾಗವಷ್ಟೇ ಮರೆಯಾಗುತ್ತದೆ. ಮಳೆಗಾಲ ಬೇರೆ, ಮೋಡ ಬಿಡಬೇಕು ಅಷ್ಟೆ.

ದಯವಿಟ್ಟು ಬರಿಗಣ್ಣಲ್ಲಿ ನೋಡಬೇಡಿ. ಕೂಲಿಂಗ್ ಗ್ಲಾಸ್, ಹಳೇ ಎಕ್ಸ್‌ರೇ ಹಾಳೆ ಯಾವುದೂ ಬೇಡ. ಕಣ್ಣಿನ ಒಳಪರದೆಗೆ ನೋವು ಗೊತ್ತಾಗುವುದಿಲ್ಲ, ಸುಟ್ಟರೂ ಆ ಕ್ಷಣಕ್ಕೆ ತಿಳಿಯುವುದಿಲ್ಲ. ಐಎಸ್‌ಒ 12312-2 (ಸೂರ್ಯನನ್ನು ನೋಡುವ ಕನ್ನಡಕಗಳ ಅಂತರರಾಷ್ಟ್ರೀಯ ಗುಣಮಟ್ಟ) ಗುರುತಿರುವ ಗ್ರಹಣದ ಕನ್ನಡಕವೇ ಬೇಕು. ಇಲ್ಲದಿದ್ದರೆ ಸೂರ್ಯನಿಗೆ ಬೆನ್ನು ಮಾಡಿ, ಅಡುಗೆಮನೆಯ ಜರಡಿಯನ್ನು ಬಿಳಿ ಹಾಳೆಯ ಮೇಲೆ ಹಿಡಿಯಿರಿ. ಒಂದೊಂದು ತೂತಿಗೂ ಒಂದೊಂದು ಕಚ್ಚಿದ ಸೂರ್ಯ ಬೀಳುತ್ತಾನೆ. ಹೊಂಗೆ ಮರದ ಕೆಳಗೂ ನೋಡಿ, ಎಲೆ ಸಂದಿಯ ಬಿಸಿಲಿನ ಚುಕ್ಕೆಗಳೆಲ್ಲ ಕುಡುಗೋಲಿನ ಹಾಗೆ ಬಾಗಿರುತ್ತವೆ. ಮಕ್ಕಳಿಗೆ ಇದನ್ನು ತೋರಿಸಲೇಬೇಕು.

2028ರ ಜುಲೈ 6ರ ರಾತ್ರಿ ಪಾರ್ಶ್ವ ಚಂದ್ರಗ್ರಹಣ. ಆದರೆ ನಾನು ಕಾಯುತ್ತಿರುವುದು ಅದೇ ವರ್ಷದ ಡಿಸೆಂಬರ್ 31ಕ್ಕೆ. ಭಾನುವಾರ ರಾತ್ರಿ ಸುಮಾರು 9.45ರಿಂದ 11ರವರೆಗೆ ಚಂದ್ರ ಪೂರ್ತಿ ಕೆಂಪಾಗಿರುತ್ತಾನೆ. ಹೊಸ ವರ್ಷಕ್ಕೆ ಹೇಗೂ ಎಚ್ಚರವಾಗಿರುತ್ತೀರಿ ಅಲ್ವಾ? ಚಂದ್ರನಿಗೆ ಕನ್ನಡಕ ಬೇಡ, ಸುಮ್ನೆ ಟೆರೇಸ್‌ಗೆ ಬನ್ನಿ.

2031ರ ಮೇ 21ರ ಕಂಕಣ ಸೂರ್ಯಗ್ರಹಣಕ್ಕೆ ತಮಿಳುನಾಡಿನ ಮದುರೈ ಕಡೆ ಹೋದರೆ ಚಂದ್ರನ ಸುತ್ತ ಸೂರ್ಯನ ಬಳೆಯೇ ಕಾಣುತ್ತದೆ. ಇಲ್ಲಿ ಪಾರ್ಶ್ವ.

ಉಪವಾಸ, ಸ್ನಾನ ನಿಮ್ಮ ನಿಮ್ಮ ಮನೆಯ ಪದ್ಧತಿ. ಗ್ರಹಣದಿಂದ ಅಡುಗೆ ಮಾತ್ರ ಕೆಡುವುದಿಲ್ಲ. 2027ಕ್ಕೆ ಕನ್ನಡಕ ಒಟ್ಟಿಗೇ ತರಿಸೋಣ, ಬೇಕಾದವರು ಇಲ್ಲೇ ಹೆಸರು ಹಾಕಿ.